ಮಾಸ್ತರರ ರಟ್ಟು, ನನ್ನ ಎಡಗಣ್ಣು

ನಲವತ್ತು ದಾಟಿದವರು ಇದನ್ನು ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬನ್ನಿ. ನನಗೆ ಚೆನ್ನಾಗಿ ಕಾಣುತ್ತದಲ್ಲ ಅನ್ನಬೇಡಿ. ನನಗೂ ಚೆನ್ನಾಗಿಯೇ ಕಾಣುತ್ತಿತ್ತು. ಬಂದ ಮೇಲೆ ಓದಿ. ಬರಹ ಇಲ್ಲೇ ಇರುತ್ತದೆ. ಕಣ್ಣಿನ ಬಗ್ಗೆ ಆ ಖಾತ್ರಿ ನಾನು ಕೊಡಲಾರೆ.

ನಾನು ಇಳಕಲ್ಲಿನ ಸೀರೆ ವ್ಯಾಪಾರಿ. ಹುನಗುಂದದ ಸುತ್ತಲಿನ ಹಳ್ಳಿಗಳಲ್ಲಿ ಹೆಗಲ ಮೇಲೆ ಗಂಟು ಹೊತ್ತು ತಿರುಗಿ, ಆಮೇಲೆ ಸಂತೆಯಲ್ಲಿ ತಾಡಪತ್ರಿ ಹಾಸಿ ಕೂತು, ಕಡೆಗೆ ಸ್ವಂತ ಅಂಗಡಿ ಮಾಡಿದವನು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನ ನನಗೆ ಕೈಕೊಟ್ಟಿತು. ಆ ಸಿಟ್ಟು ಇನ್ನೂ ಇದೆ ಅಂದರೆ ನಗಬೇಡಿ. ಯಾಕೆಂದರೆ ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿ ಮಹಾದೇವಿಯ ಅಕ್ಕನ ಗಂಡ, ಬಾಗಲಕೋಟೆಯ ವಿದ್ಯಾಗಿರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ.

ಬಾದಾಮಿಯಲ್ಲಿರುವ ನಮ್ಮ ಮಾವನವರಿಗೆ ನಾವಿಬ್ಬರೇ ಅಳಿಯಂದಿರು. ಹಬ್ಬಕ್ಕೆ ಹೋದರೆ ನನಗೆ "ಬಾರಪಾ" ಅನ್ನುತ್ತಾರೆ. ಅವರಿಗೆ "ಬರ್ರಿ ಮಾಸ್ತರ, ಕೂಡ್ರಿ" ಅನ್ನುತ್ತಾರೆ. ತುಪ್ಪ ನಾನು ಒಯ್ದದ್ದು, ಮೊದಲು ಬೀಳುವುದು ಅವರ ಹೋಳಿಗೆಯ ಮೇಲೆ. ಬೋರು ಹಾಕಿಸುವುದಿರಲಿ, ಮೊಮ್ಮಗಳಿಗೆ ಕಾಲೇಜು ಹುಡುಕುವುದಿರಲಿ, ಮಾವನವರದು ಒಂದೇ ಮಾತು: "ಮಾಸ್ತರ ಏನಂತಾರ ಕೇಳ್ರಿ." ನಾನು ಏನನ್ನುತ್ತೇನೆ ಎಂದು ಕೇಳುವುದು ಸೀರೆಯ ಬಣ್ಣ ಹೋಗುತ್ತದೋ ಇಲ್ಲವೋ ಎಂಬಷ್ಟಕ್ಕೆ ಮಾತ್ರ. ಇದನ್ನು ಹೊಟ್ಟೆಕಿಚ್ಚು ಎಂದು ಕರೆಯಲು ನನಗೆ ಸಂಕೋಚವಿಲ್ಲ. ಅದನ್ನು ಬಚ್ಚಿಟ್ಟು ಈ ಕಾಯಿಲೆಯ ಕಥೆ ಹೇಳಲು ಬರುವುದಿಲ್ಲ.

ಕಸುಬಿನ ಒಂದು ಗುಟ್ಟನ್ನೂ ಹೇಳಬೇಕು. ಮದುವೆಯ ಜವಳಿ ತೆಗೆಯಲು ಬರುವ ಮಂದಿಯಲ್ಲಿ ಬಾಯಿ ಮಾಡುವವರು ಒಬ್ಬರು, ಒಪ್ಪಬೇಕಾದವರು ಇನ್ನೊಬ್ಬರು. ಹುಡುಗನ ಅಪ್ಪ "ಇನ್ನೂ ಇಳಸ್ರಿ, ಇನ್ನೂ ಇಳಸ್ರಿ" ಎಂದು ಕೂಗುತ್ತಿರುತ್ತಾನೆ. ಗೋಡೆಗೆ ಬೆನ್ನು ಕೊಟ್ಟು ಕೂತ ಒಬ್ಬ ದೊಡ್ಡವ್ವ ಏನೂ ಅನ್ನುವುದಿಲ್ಲ. ಅವಳೇ ಎಲ್ಲ. ಹಾಸಿದ ಸೀರೆಯ ಸೆರಗನ್ನು ಅವಳು ಎರಡು ಬೆರಳಲ್ಲಿ ಹಿಡಿದು ನೋಡಿ, ಬಿಟ್ಟು, ಮತ್ತೆ ಹಿಡಿದಳೋ, ವ್ಯಾಪಾರ ಮುಗಿಯಿತು. ಆಮೇಲೆ ದರ ಇಳಿಸುವವನು ಹುಚ್ಚ. ಆದರೆ ಅವಳನ್ನು ನೇರ ನೋಡಬಾರದು. ನೋಡಿದಿರೋ, ಆ ಮುಖ ಬಾಗಿಲು ಹಾಕಿಕೊಂಡುಬಿಡುತ್ತದೆ. ದೃಷ್ಟಿ ಸೀರೆಯ ಮೇಲೆ, ಮಾತು ಅಪ್ಪನ ಜೊತೆ, ಕಣ್ಣಂಚು ಮಾತ್ರ ದೊಡ್ಡವ್ವನ ಬೆರಳುಗಳ ಮೇಲೆ. ನಮ್ಮ ಅಂಗಡಿಯಲ್ಲಿ ಗಾದಿಯ ಮೇಲೆ ಹೆಂಗಸರು ಕೂರುವುದು ಗೋಡೆಯ ಬದಿಗೆ, ಅಂದರೆ ನನ್ನ ಎಡಕ್ಕೆ. ಗಂಟು ಹೊತ್ತವನು ಅಂಗಡಿ ಹಾಕಿದ್ದು ಈ ಕಣ್ಣಂಚಿನಿಂದ.

ಒಂದು ವರ್ಷ ವ್ಯಾಪಾರ ಯಾಕೋ ಸಡಿಲವಾಯಿತು. ಗಿರಾಕಿಗಳು ಹುಷಾರಾದರು ಅಂದುಕೊಂಡೆ. ಮಂದಿಗೆಲ್ಲ ಮೊಬೈಲಿನಲ್ಲಿ ದರ ಗೊತ್ತಾಗುತ್ತದೆ ಎಂದು ಬೈದೆ. ಎಡಗಡೆ ಇಟ್ಟ ಚಹಾದ ಕಪ್ಪಿಗೆ ಕೈ ಬಡಿದು ಚೆಲ್ಲಿದರೆ ಇಟ್ಟವರನ್ನು ಬೈದೆ. ಬಾಗಿಲ ಚೌಕಟ್ಟಿಗೆ ಭುಜ ಬಡಿದರೆ ಬಡಿಗನನ್ನು ಬೈದೆ. ಕಣ್ಣಿನ ಮೇಲೆ ಅನುಮಾನ ಬರಲಿಲ್ಲ. ಸೀರೆಯ ಒಂದು ಎಳೆ ಜಾರಿದ್ದರೂ ನನಗೆ ಕಾಣುತ್ತಿತ್ತಲ್ಲ.

ಅಷ್ಟರಲ್ಲಿ ಮಾಸ್ತರರ ಫೋನು ಬಂತು. ಅವರ ಶಾಲೆಯ ಅಕ್ಕೋರೆಲ್ಲ, ಅಂದರೆ ಪಾಠ ಹೇಳುವ ಹೆಂಗಸರೆಲ್ಲ, ವಾರ್ಷಿಕ ಗ್ಯಾದರಿಂಗಿಗೆ ಒಂದೇ ತರಹದ ಸೀರೆ ಉಡಬೇಕಂತೆ. "ಸಾವಕಾರ್ರ, ನಿಮ್ಮ ಹೆಸರು ಹೇಳೀನ್ರಿ. ಮಾಲು ತಗೊಂಡ ಬರ್ರಿ," ಅಂದರು. ನನ್ನನ್ನು ಸಾವಕಾರ ಅನ್ನುವುದು ಅವರ ಚೇಷ್ಟೆ. ಆದರೂ ಹೋದೆ. ಗಿರಾಕಿ ಕೊಟ್ಟವರ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ವ್ಯಾಪಾರವಲ್ಲ.

ನಾನು ಶಾಲೆ ಮುಟ್ಟಿದಾಗ ಅಕ್ಕೋರೆಲ್ಲ ತರಗತಿಯಲ್ಲಿದ್ದರು. "ಬೆಲ್ ಆಗೂತನ ನನ್ನ ಕ್ಲಾಸಿನ್ಯಾಗ ಕೂಡ್ರಿ, ಇವತ್ತ ಕಣ್ಣಿನ ಪಾಠ," ಎಂದು ಮಾಸ್ತರರು ಕರೆದೊಯ್ದರು. ಹಿಂದಿನ ಬೆಂಚಿನಲ್ಲಿ ಗಂಟಿನ ಜೊತೆ ಕೂತೆ.

ಮೊದಲು ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. ಒಂದು ಕಡೆ ಕೂಡಿಸುವ ಚಿಹ್ನೆ, ಇನ್ನೊಂದು ಕಡೆ ಕರಿ ಚುಕ್ಕಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಎಡಕ್ಕಿರುವ ಚಿಹ್ನೆಯನ್ನೇ ನೋಡುತ್ತ ಚೀಟಿಯನ್ನು ಮೆಲ್ಲಗೆ ಹತ್ತಿರ ತರಬೇಕು. ಒಂದು ಹಂತದಲ್ಲಿ ಚುಕ್ಕಿ ಮಾಯ. "ಹೋತ್ರಿ ಸರ! ನಂದೂ ಹೋತು!" ಎಂದು ತರಗತಿ ಎದ್ದು ಕುಣಿಯಿತು. ನಾನೂ ಮಾಡಿದೆ, ನನ್ನದೂ ಹೋಯಿತು. ಚುಕ್ಕಿ ಇದ್ದಲ್ಲಿ ತೂತು ಕಾಣಲಿಲ್ಲ. ಬರೀ ಬಿಳಿ ಕಾಗದವೇ ಇತ್ತು.

"ಎಲ್ಲಾರ ಕಣ್ಣಾಗೂ ಕಾಣದ ಜಾಗಾ ಒಂದು ಇರ್ತೈತಿ," ಮಾಸ್ತರರು ಹೇಳಿದರು. "ಆದ್ರ ಅಲ್ಲಿ ಕಾಣವಲ್ತು ಅಂತ ನಮಗ ಗೊತ್ತಾಗಂಗಿಲ್ಲ. ಸುತ್ತಲ ಏನೈತಿ ಅದನ್ನ ಮಿದುಳು ಅಲ್ಲಿ ತುಂಬಿಬಿಡತೈತಿ."

ಆಮೇಲೆ, "ಸಾವಕಾರ್ರ, ಒಂದು ಕೆಂಪು ಸೀರಿ ಕೊಡ್ರಿ," ಅಂದರು. ದಾಳಿಂಬೆ ಬಣ್ಣದ ಒಂದನ್ನು ತೆಗೆದುಕೊಟ್ಟೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಮಿಟುಕಿಸದೆ ನೋಡಿ ಅಂದರು. ತಟ್ಟನೆ ಎಳೆದುಕೊಂಡು ಬಿಳಿ ಗೋಡೆ ನೋಡಿ ಅಂದರು. ಗೋಡೆಯ ಮೇಲೆ ತಿಳಿ ಹಸಿರಿನ ಸೀರೆ ತೇಲಿತು. ಮಕ್ಕಳು ಬೆಂಚು ಬಡಿದು ಚಪ್ಪಾಳೆ ತಟ್ಟಿದರು. ಸೀರೆ ನನ್ನದು, ಚಪ್ಪಾಳೆ ಅವರಿಗೆ. ಅದನ್ನು ಮಡಿಸಿ ಗಂಟಿಗೆ ಹಾಕಿದೆ.

ಕಡೆಗೆ ಅರ್ಧಚಂದ್ರದ ಹಾಗೆ ಕತ್ತರಿಸಿದ ಒಂದು ದೊಡ್ಡ ರಟ್ಟು ಬಂತು. ನಡುವೆ ಮೂಗು ಇಡಲು ಒಂದು ಕಚ್ಚು, ಅಂಚಿನ ಸುತ್ತ ಗೆರೆಗಳು. ಮೂಗು ಇಟ್ಟವರು ಎದುರಿನ ಅಂಚಿಗೆ ಚುಚ್ಚಿದ ಟಾಚಣಿಯನ್ನೇ, ಅಂದರೆ ಗುಂಡುಸೂಜಿಯನ್ನೇ, ನೋಡಬೇಕು. ಮಾಸ್ತರರು ಕಿವಿಯ ಹಿಂದಿನಿಂದ ರಟ್ಟಿನ ಅಂಚಿಗುಂಟ ಒಂದು ಬಣ್ಣದ ಚೀಟಿ ತರುತ್ತಾರೆ. ಕಂಡ ಕೂಡಲೇ ಹೇಳಬೇಕು. ಚೀಟಿ ಕಿವಿ ದಾಟುವುದೇ ತಡ, ಮಕ್ಕಳು "ಬಂತು" ಅನ್ನುತ್ತಿದ್ದರು.

"ಸರ, ಕಾಕಾಗೂ ಮಾಡ್ರಿ!" ಎಂದಳು ಮುಂದಿನ ಬೆಂಚಿನ ಹುಡುಗಿಯೊಬ್ಬಳು.

ಮುಂದೆ ಹೋಗಿ ಮೂಗು ಇಟ್ಟೆ. ಬಲಗಡೆ ಸರಿಯಾಯಿತು. ಎಡಕ್ಕೆ ಬಂದರು.

"ಕಂಡತೇನ್ರಿ?"

"ತರ್ರಿ ಮೊದಲ, ಆಮ್ಯಾಲ ಹೇಳ್ತೇನಿ."

ಕಿಸಿಕಿಸಿ ನಗು ಕೇಳಿಸಿತು. "ತರಾಕತ್ತೀನ್ರಿ. ಈಗ?"

"ಮಾಸ್ತರ, ಚಾಷ್ಟಿ ಸಾಕು. ಚೀಟಿ ಕಿಸೆದಾಗ ಇಟಗೊಂಡು ಕೇಳಿದ್ರ ಹೆಂಗ?"

ನಗು ನಿಂತಿತು. ಚೀಟಿ ನನಗೆ ಕಂಡಾಗ ಅದು ಹೆಚ್ಚುಕಡಿಮೆ ಮೂಗಿನ ಎದುರಿಗೇ ಬಂದಿತ್ತು. ಮಾಸ್ತರರು ಇನ್ನೊಮ್ಮೆ ಮಾಡಿದರು. ಆಮೇಲೆ ರಟ್ಟಿನ ಅಂಚಿಗೆ ಪೆನ್ಸಿಲ್ಲಿನಿಂದ ಒಂದು ಗೀಟು ಎಳೆದು, "ಆತು, ಕೂಡ್ರಿ," ಎಂದು ನನ್ನ ಭುಜ ಮುಟ್ಟಿದರು.

ಬೆಲ್ ಆದ ಮೇಲೆ ವರಾಂಡದಲ್ಲಿ ನಿಲ್ಲಿಸಿದರು. "ನಾಳೆನ ಕಣ್ಣಿನ ಡಾಕ್ಟರ್ ಕಡೆ ಹೋಗ್ರಿ. ನಾನೂ ಬರ್ತೇನಿ."

"ನಿಮ್ಮ ರಟ್ಟು ಸೊಟ್ಟ ಐತಿ," ಅಂದೆ. "ಹುಡುಗೂರ ಮುಂದ ನನ್ನ ನಗಿಪಾಟಲಾ ಮಾಡಾಕ ಕರದಿದ್ರೇನು?"

"ಸಾವಕಾರ್ರ, ಖರೆ ಹೇಳ್ತೇನಿ..."

"ನೀವು ಖರೆನ ಹೇಳ್ತೀರಿ, ಬಾದಾಮ್ಯಾಗ ಎಲ್ಲಾರಿಗೂ ಗೊತ್ತೈತಿ," ಎಂದು ಗಂಟು ಎತ್ತಿಕೊಂಡು ಸ್ಟಾಫ್ ರೂಮಿಗೆ ನಡೆದೆ. ಸೀರೆ ಮಾರಿದೆ. ಡಾಕ್ಟರ ಹತ್ತಿರ ಹೋಗಲಿಲ್ಲ.

ಹೋಗುವಂತೆ ಮಾಡಿದ್ದು ಒಬ್ಬ ದೊಡ್ಡವ್ವ. ಬಾದಾಮಿ ಕಡೆಯ ಒಂದು ಮನೆತನ ಜವಳಿಗೆ ಬಂದಿತ್ತು. ಹುಡುಗನ ಅಪ್ಪ ಜೋರಿದ್ದ. ಹಗ್ಗ ಜಗ್ಗಾಡಿದಂತೆ ಜಗ್ಗಾಡಿ, ಕಡೆಗೆ ನಾನೇ ಸೋತು ದರ ಇಳಿಸಿದೆ. ಅವರು ಹೋದ ಮೇಲೆ, ಆ ದಿನ ಅಂಗಡಿಯಲ್ಲೇ ಇದ್ದ ಮಹಾದೇವಿ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಏನ್ರಿ, ಇವತ್ತ ಧರ್ಮಾ ಮಾಡಾಕ ಕುಂತಿದ್ರೇನು? ಆ ದೊಡ್ಡವ್ವ ಒಪ್ಪಿ ಎಷ್ಟ ಹೊತ್ತಾಗಿತ್ತಲ್ರಿ."

"ಯಾವ ದೊಡ್ಡವ್ವ?"

"ಯಾವ ದೊಡ್ಡವ್ವ ಅಂದ್ರ! ನಿಮ್ಮ ಎಡಕ್ಕ, ಮಾರು ದೂರದಾಗ ಕುಂತಿದ್ಳಲ್ರಿ. ಸೆರಗು ಹಿಡದು ಮಾರಿಗೆ ಒತ್ತಿಗೊಂಡ್ಳು. ಅಕಿ ಕಣ್ಣಾಗ ನೀರ ಬಂದಿದ್ದೂ ಕಾಣಲಿಲ್ಲೇನು?"

ಅಲ್ಲಿ ಒಬ್ಬ ಹೆಂಗಸು ಕೂತಿದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ. ಅಲ್ಲಿ ನಾನು ಕಂಡದ್ದು ಬರೀ ಗೋಡೆ, ಗಾದಿಯ ಬಿಳಿ ಬಟ್ಟೆ. ಆ ಕ್ಷಣ ನನಗೆ ಚೀಟಿಯ ಮೇಲಿನ ಚುಕ್ಕಿ ನೆನಪಾಯಿತು. ಗಾದಿಯ ಮೇಲೆ ಹಾಗೇ ಕೂತುಬಿಟ್ಟೆ. ಈ ಕಣ್ಣಂಚು ಹೋದರೆ ಗಾದಿ ಬಿಡಬೇಕು; ಉಳಿದದ್ದೂ ಹೋದರೆ ಮಹಾದೇವಿಯ ಕೈ ಹಿಡಿದು ಬಚ್ಚಲಿಗೆ ಹೋಗಬೇಕು. ಅವಳು ನೀರು ತಂದುಕೊಟ್ಟಳು. ಶಾಲೆಯ ಸುದ್ದಿಯನ್ನೆಲ್ಲ ಹೇಳಿದೆ. ಬೈಯಲಿಲ್ಲ. ಅವಳು ಬೈಯದಿದ್ದದ್ದೇ ನನ್ನನ್ನು ಹೆಚ್ಚು ಹೆದರಿಸಿತು.

ನವನಗರದ ಕಣ್ಣಿನ ದವಾಖಾನೆಯಲ್ಲಿ ಮೊದಲು ಕಣ್ಣೊಳಗೆ ಪುಸ್ಸೆಂದು ಗಾಳಿ ಬಿಟ್ಟು ಒತ್ತಡ ನೋಡಿದರು. ಆಮೇಲೆ ಬೋಗುಣಿಯಂಥ ಒಂದು ಮಿಶಿನ್ನಿನೊಳಗೆ ಮುಖ ಇಡಿಸಿ, ಕೈಗೆ ಒಂದು ಗುಂಡಿ ಕೊಟ್ಟರು. ಬೋಗುಣಿಯೊಳಗೆ ಎಲ್ಲಾದರೂ ಮಿಣುಕು ಬೆಳಕು ಕಂಡರೆ ಗುಂಡಿ ಒತ್ತಬೇಕು. ನಾನು ವ್ಯಾಪಾರಿ. ಬೆಳಕು ಬರುವ ತಾಳ ನನಗೆ ಬೇಗ ಸಿಕ್ಕಿತು. ಕಾಣದಿದ್ದರೂ ತಾಳ ಹಿಡಿದು ಒತ್ತಿದೆ. ಮಿಶಿನ್ನಿನ ಜೊತೆಗೂ ಚೌಕಾಸಿ.

ಡಾಕ್ಟರಬಾಯಿ ಕಾಗದ ನೋಡಿ ನಕ್ಕರು. "ಯಜಮಾನ್ರ, ಬೆಳಕ ಬಿಡದಾಗೂ ಒತ್ತೀರಲ್ರಿ! ಈ ಮಿಶಿನ್ ನಡುನಡುವ ಸುಮ್ಮನಿದ್ದು ನೋಡತೈತಿ, ಯಾರು ಸುಳ್ಳ ಒತ್ತಾರ ಅಂತ. ಹೋಗ್ರಿ, ಇನ್ನೊಮ್ಮೆ ಮಾಡ್ರಿ."

ನನ್ನ ಸಲಹೆ ಕೇಳಿ: ಆ ಪರೀಕ್ಷೆಯಲ್ಲಿ ಪಾಸಾಗಲು ಹೋಗಬೇಡಿ. ಕಾಣದ್ದನ್ನು ಕಾಣದು ಅನ್ನಿ. ಅಲ್ಲಿ ಗೆದ್ದವನೇ ಸೋತವನು.

ಎರಡನೆಯ ಸಲ ಪ್ರಾಮಾಣಿಕವಾಗಿ ಒತ್ತಿದೆ. ಗ್ಲಾಕೋಮಾ ಅಂದರು. ಎಡಗಣ್ಣಿನಲ್ಲಿ ಬಹಳ ದಿನದಿಂದ ಇದೆ, ಬಲಗಣ್ಣಿನಲ್ಲೂ ಮೂಗಿನ ಬದಿಯಿಂದ ಈಗ ಶುರು; ಅದಕ್ಕೇ ಎಡಕ್ಕಿರುವುದು ಎರಡೂ ಕಣ್ಣಿಗೆ ಕಾಣುತ್ತಿಲ್ಲ.

"ಹೋದದ್ದು ಬರಂಗಿಲ್ರಿ. ಇದ್ದದ್ದು ಉಳಿಸಿಗೊಳ್ಳೂಣು. ದಿನಾ ಡ್ರಾಪ್ಸ್ ಹಾಕಬೇಕು, ತಪ್ಪಸಂಗಿಲ್ಲ."

"ಎಷ್ಟ ದಿನಾರೀ?"

"ದಿನಾ ಅಂದ್ನೆಲ್ರಿ. ಕಾಯಂ."

"ಸ್ವಲ್ಪರ ವಾಪಸ್ ಬರ್ತೈತೇನ್ರಿ? ಅರ್ಧಾ? ಹೋಗ್ಲಿ, ಪಾವ?"

"ಇದರಾಗ ಚೌಕಾಸಿ ಇಲ್ರಿ," ಅಂದರು. ಮೆತ್ತಗೆ ಅಂದರು. ಅದಕ್ಕೇ ಎದೆಗೆ ನಾಟಿತು.

ಈಗ ಆ ದವಾಖಾನೆಯ ಹೊರಗಿನ ಬೆಂಚುಗಳ ಬಗ್ಗೆ ಹೇಳಬೇಕು. ಅಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ಜನ ಪೊರೆ ಬಂದವರು. ಅವರಿಗೆ ಆಪರೇಷನ್ ಮಾಡುತ್ತಾರೆ, ಕಪ್ಪು ಕನ್ನಡಕ ಹಾಕುತ್ತಾರೆ, ಪಟ್ಟಿ ಬಿಚ್ಚಿದ ದಿನ ಅವರಿಗೆ ಲೋಕವೆಲ್ಲ ಹೊಸದಾಗಿ ಕಾಣುತ್ತದೆ. ನನ್ನ ಪಕ್ಕದಲ್ಲಿ ಹುನಗುಂದದ ಕಡೆಯ ಒಬ್ಬ ಅಜ್ಜಿ ಕೂತಿದ್ದಳು. ಪಟ್ಟಿ ಬಿಚ್ಚಿಸಿಕೊಂಡು ಬಂದವಳೇ ಗೋಡೆಯ ಗಡಿಯಾರ ಓದಿದಳು, ಬಾಗಿಲ ಮೇಲಿನ ಬೋರ್ಡು ಓದಿದಳು, ನನ್ನ ಕಡೆ ತಿರುಗಿ, "ತಮ್ಮಾ, ನಿನ್ನ ಅಂಗಿ ಗುಂಡಿ ಹರದೈತಿ ನೋಡ," ಅಂದಳು. ಸುತ್ತಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಆ ಅಜ್ಜಿಯ ಮೇಲೆ ನನಗೆ ಬಂದಷ್ಟು ಅಸೂಯೆ ಇಳಕಲ್ಲಿನ ಯಾವ ಶ್ರೀಮಂತನ ಮೇಲೂ ಬಂದಿಲ್ಲ. ಅವಳದು ಹೋಗಿ ಬಂತು. ನನ್ನದು ಹೇಳದೆ ಹೋಯಿತು, ಬರುವುದಿಲ್ಲ. ನಾಚಿಕೆ ಬಿಟ್ಟು ಒಳಗೆ ಹೋಗಿ, "ಬಾಯಾರ, ನನಗೂ ಪೊರಿ ಏನರ ಐತೇನು ಇನ್ನೊಮ್ಮೆ ನೋಡ್ರಿ," ಎಂದು ಕೇಳಿದೆ. ರೋಗ ಬೇಡಿಕೊಂಡು ಬಂದ ಮೊದಲ ಗಿರಾಕಿ ನಾನೇ ಇರಬೇಕು.

ಇಂಥ ಅಸೂಯೆ ನಿಮಗೂ ಬರುತ್ತದೆ. ಬಂದರೆ ನೀವು ಕೆಟ್ಟವರು ಅಂದುಕೊಳ್ಳಬೇಡಿ. ಆದರೆ ಅದರಲ್ಲೇ ಕೂತು ಡ್ರಾಪ್ಸ್ ಮರೆಯಬೇಡಿ.

ಸುದ್ದಿ ಬಾದಾಮಿಗೆ ಮುಟ್ಟಿತು. ಮಾವನವರು ಎಲ್ಲರನ್ನೂ ಮಹಾಕೂಟಕ್ಕೆ ಕರೆದುಕೊಂಡು ಹೋದರು. ದೇವರ ದರ್ಶನವಾದ ಮೇಲೆ ಹೊಂಡದ ಹತ್ತಿರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ನನ್ನನ್ನು ಎಲ್ಲರೂ ಪಾಪ ಎಂದು ನೋಡುತ್ತಾರೆ, ಈ ಒಂದು ದಿನವಾದರೂ ತುಪ್ಪ ಮೊದಲು ನನಗೆ ಬೀಳುತ್ತದೆ ಅಂದುಕೊಂಡಿದ್ದೆ.

"ನೋಡ್ರಿ ಮಾಸ್ತರ," ಮಾವನವರು ಶುರು ಮಾಡಿದರು, "ನೀವು ಇರಲಿಲ್ಲಂದ್ರ ಇವನ ಕಣ್ಣು ಪೂರಾ ಹೋಗ್ತಿದ್ವು. ರಟ್ಟಿನ್ಯಾಗ ರೋಗ ಹಿಡದ್ರಿ! ಡಾಕ್ಟರಾಗೂದು ಬಿಟ್ಟು ಸಾಲಿ ಮಾಸ್ತರ ಆದ್ರಿ."

ಅತ್ತೆ, ನೆಂಟರು, ಮಕ್ಕಳು ಎಲ್ಲರೂ ಮಾಸ್ತರರ ಕಡೆ ತಿರುಗಿದರು. ರಟ್ಟು ಹೇಗೆ ಕತ್ತರಿಸಿದಿರಿ, ಚೀಟಿ ಯಾವ ಬಣ್ಣದ್ದು, ಯಾವಾಗ ಅನುಮಾನ ಬಂತು. ನಾನು ಚಟ್ನಿ ನೆಕ್ಕುತ್ತ ಕೂತೆ. ಕಣ್ಣು ಹೋಗಿದ್ದು ನನ್ನದು. ಆ ಕಥೆಯೂ ಅವರದಾಯಿತು. ಎದ್ದು ಹೊಂಡದ ಮೆಟ್ಟಿಲ ಕಡೆ ನಡೆದೆ. ಎಡಕ್ಕೆ ಮೆಟ್ಟಿಲು ಕೆಳಗಿಳಿದದ್ದು ಕಾಣಲಿಲ್ಲ. ಜೋಲಿ ಹೊಡೆದೆ.

ಯಾರೋ ತೋಳು ಹಿಡಿದರು. ಮಾಸ್ತರರು. ಹಿಂದೆಯೇ ಎದ್ದು ಬಂದಿದ್ದರು, ಕೈಯಲ್ಲಿ ಇನ್ನೂ ರೊಟ್ಟಿಯ ಚೂರು.

"ಕುತ್ತಿಗಿ ತಿರಗಿಸಿ ನೋಡ್ರಿ ಸಾವಕಾರ್ರ. ಬರೇ ಕಣ್ಣು ತಿರಗಿಸಿದ್ರ ಸಾಲಂಗಿಲ್ಲ."

"ಇಲ್ಲಿಗೂ ಬಂದ್ರೇನು ಪಾಠ ಹೇಳಾಕ?"

"ಬೈರಿ, ಬೈರಿ," ಅಂದರು. ತೋಳು ಬಿಡಲಿಲ್ಲ. "ಅವತ್ತ ಕ್ಲಾಸಿನ್ಯಾಗ ನಾನು ಭಾಳ ಅಂಜಿದ್ನಿರಿ. ನನ್ನ ರಟ್ಟ ಸೊಟ್ಟ ಇರಲಿ ದೇವರ ಅಂತ ಬೇಡಿಗೊಂಡಿದ್ನಿ."

ಆ ಮಾತಿನ ಮೇಲೆ ಅವರನ್ನು ದ್ವೇಷಿಸುವುದು ಕಷ್ಟವಾಯಿತು. ಹೊಟ್ಟೆಕಿಚ್ಚು ಹಾಗೇ ಉಳಿಯಿತು. ಅದು ಬೇರೆ ವಸ್ತು.

ಈಗ ನನ್ನ ದಿನಚರಿ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಡ್ರಾಪ್ಸನ್ನು ಹಲ್ಲುಜ್ಜುವ ಬ್ರಶ್ಶಿನ ಪಕ್ಕದಲ್ಲಿ ಇಡಿ, ಮರೆಯುವುದಿಲ್ಲ. ಕೆಳರೆಪ್ಪೆ ಎಳೆದು ಮೇಲೆ ಸೂರಿನ ಕಡೆ ನೋಡುತ್ತ ಹಾಕಿಸಿಕೊಳ್ಳಿ, ಕಣ್ಣು ಮುಚ್ಚಿ ಮೂಗಿನ ಬದಿಯ ಮೂಲೆಯನ್ನು ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಏನೂ ನೋವಿಲ್ಲ, ಚೆನ್ನಾಗಿದ್ದೇನೆ ಎಂದು ನೀವೇ ಬಿಟ್ಟುಬಿಡಬೇಡಿ. ಈ ರೋಗಕ್ಕೆ ಬೇಕಾದದ್ದು ಅದೇ. ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು, ಎಲ್ಲರನ್ನೂ ಒಮ್ಮೆ ಡಾಕ್ಟರಿಗೆ ತೋರಿಸಿ, ಇದು ಮನೆತನದಲ್ಲಿ ಹರಿಯುವ ರೋಗ. ಮೋಟರ್‌ಸೈಕಲ್ಲು ಹೊಡೆಯಬಹುದೋ ಇಲ್ಲವೋ ಎಂದು ನಿಮ್ಮನ್ನು ನೀವು ಕೇಳಿಕೊಳ್ಳಬೇಡಿ, ಡಾಕ್ಟರನ್ನು ಕೇಳಿ. ನಾನು ಮಾರಿದೆ. ಒಳ್ಳೆಯ ದರ ಬಂತು.

ಅಂಗಡಿಯಲ್ಲಿ ಮಹಾದೇವಿ ಈಗ ನನ್ನ ಎಡಕ್ಕೆ ಕೂರುತ್ತಾಳೆ. ದೊಡ್ಡವ್ವ ಒಪ್ಪಿದಳೆಂದರೆ ಉಳಿದ ಸೀರೆಗಳನ್ನು ಮಡಿಸತೊಡಗುತ್ತಾಳೆ. ಸೀರೆ ಮಡಿಸುವ ಸರಬರ ಕೇಳಿಸಿತೋ, ನಾನು ದರಕ್ಕೆ ಕಲ್ಲಾಗುತ್ತೇನೆ. ಚೆನ್ನಾಗಿಯೇ ನಡೆದಿದೆ. ಎಷ್ಟು ಚೆನ್ನಾಗಿ ಅಂದರೆ, ಬಾಗಿಲಲ್ಲೇ ನಿಂತು "ಅಕ್ಕಾರ ಇಲ್ಲೇನ್ರಿ? ಹಂಗಾರ ಆಮ್ಯಾಲ ಬರ್ತೇವಿ" ಎಂದು ನನ್ನನ್ನು ದಾಟಿ ನೋಡುವ ಗಿರಾಕಿಗಳೂ ಇದ್ದಾರೆ. ಹೊಟ್ಟೆಕಿಚ್ಚಿಗೆ ಈಗ ಬಾದಾಮಿಯವರೆಗೆ ಹೋಗುವ ಬಸ್ ಖರ್ಚೂ ಉಳಿಯಿತು.

ಮುಂದಿನ ವರ್ಷ ಮತ್ತೆ ಮಾಸ್ತರರ ಫೋನು. "ಸಾವಕಾರ್ರ, ಕಣ್ಣಿನ ಪಾಠ ಬಂತ್ರಿ. ಬರ್ತೀರೇನು? ಆ ರಟ್ಟು ಹಂಗ ಇಟ್ಟೀನಿ, ಗೀಟೂ ಹಂಗ ಐತಿ."

"ಬರ್ತೇನಿ. ಆದ್ರ ಒಂದು ಮಾತು. ಈ ಸರ್ತಿ ಹುಡುಗೂರಿಗೆ ನಾನೂ ಒಂದು ಆಟ ತೋರಸ್ತೇನಿ."

"ತೋರಸ್ರಿ, ಅದಕ್ಕೇನು!" ಅಂದರು, ಧಾರಾಳವಾಗಿ.

ವಿದ್ಯಾಗಿರಿಗೆ ಹೋಗುವ ದಾರಿಯುದ್ದಕ್ಕೂ ನನಗೆ ಆ ಗೀಟಿನದೇ ಚಿಂತೆ. ಚೀಟಿ ಗೀಟು ದಾಟಿ ಇನ್ನೂ ಒಳಗೆ ಬಂದ ಮೇಲೆ ಕಂಡರೆ, ಇಷ್ಟು ದಿನದ ಡ್ರಾಪ್ಸ್ ನೀರಿಗೆ ಬಿದ್ದ ಹಾಗೆ. ರಟ್ಟಿಗೆ ಮೂಗು ಇಟ್ಟೆ. ಹೊಸ ಮಕ್ಕಳಿಗೆ ಮಾಸ್ತರರು ಎಲ್ಲ ಹೇಳಿದ್ದರು. ಯಾರೂ ನಗಲಿಲ್ಲ. ಎಡಗಡೆ ಏನೂ ಇಲ್ಲ, ಏನೂ ಇಲ್ಲ. ಟಾಚಣಿಯನ್ನೇ ನೋಡಿದೆ. ತಾಳ ಹಿಡಿಯಲು ಹೋಗಲಿಲ್ಲ, ಊಹಿಸಲು ಹೋಗಲಿಲ್ಲ. ಹಳದಿ ಬಣ್ಣ ಮಿಂಚಿತು.

"ಬಂತು," ಅಂದೆ.

ಮುಂದಿನ ಬೆಂಚಿನವರು ಎದ್ದು ಬಂದು ಬಗ್ಗಿ ನೋಡಿದರು. "ಸರ, ಗೀಟಿನ ಮ್ಯಾಲೆನ ಐತ್ರಿ! ಕಾಕಾಂದು ಅಲ್ಲೇ ಐತ್ರಿ!"

ರಟ್ಟನ್ನು ನಂಬಿ ಕೂರಬೇಡಿ, ನವನಗರದ ಮಿಶಿನ್ನಿನ ಪರೀಕ್ಷೆಯೇ ಬೇರೆ. ಆಮೇಲೆ ಆ ಮಿಶಿನ್ನೂ ಅದನ್ನೇ ಹೇಳಿತು, ಇದ್ದದ್ದು ಇದ್ದಲ್ಲೇ ಇದೆ ಎಂದು. ಆದರೆ ನನಗೆ ಉಸಿರು ಬಂದದ್ದು ಆ ಮಕ್ಕಳ ಕೂಗಿನಿಂದ.

ಆಮೇಲೆ ನನ್ನ ಆಟ. ಮೇಜಿನ ಮೇಲೆ ಸೀರೆ ಹಾಸಿದೆ. ಒಬ್ಬ ಹುಡುಗ ಮದುಮಗನ ಅಪ್ಪನಾದ, ಒಬ್ಬಳು ದೊಡ್ಡವ್ವ, ಇನ್ನೊಬ್ಬಳು ನನ್ನ ಬದಲಿಗೆ ವ್ಯಾಪಾರಿ. "ನೇರ ನೋಡಬ್ಯಾಡ ತಂಗಿ. ಕಣ್ಣು ಸೀರಿ ಮ್ಯಾಲೆ ಇರಲಿ. ದೊಡ್ಡವ್ವನ ಬೆರಳು ಏನ ಮಾಡಾಕತ್ತಾವ, ನೋಡದ ಹೇಳು." ಅಪ್ಪನಾದವನು ನಿಜವಾದ ಬೀಗರಿಗಿಂತ ಜೋರಾಗಿ ಕೂಗಿದ. ದೊಡ್ಡವ್ವ ಸೆರಗು ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. "ಒಪ್ಪಿದ್ಳು ಕಾಕಾ! ಒಪ್ಪಿದ್ಳು! ಇನ್ನ ಒಂದ ರೂಪಾಯಿನೂ ಇಳಸಂಗಿಲ್ಲ!" ಎಂದು ವ್ಯಾಪಾರಿ ಕಿರುಚಿದಳು. ತರಗತಿ ಸಿಡಿಯಿತು. ರಟ್ಟು ಅವರದು, ಚಪ್ಪಾಳೆ ನನಗೆ. "ಕಾಕಾ, ನಾನು! ಕಾಕಾ, ಇನ್ನೊಮ್ಮೆ!" ಬೆಲ್ ಆಯಿತು, ಒಬ್ಬರೂ ಏಳಲಿಲ್ಲ.

"ಏ, ಸಾಕ ಮುಗಸ್ರಿನ್ನ, ಮುಂದ ಗಣಿತ ಐತಿ," ಎಂದು ಎಡಗಡೆಯಿಂದ ಮಾಸ್ತರರ ದನಿ ಬಂತು.

ಆ ದನಿ ನನಗೆ ಪರಿಚಿತ. ಬಾದಾಮಿಯ ಪಡಸಾಲೆಯಲ್ಲಿ ಎಷ್ಟೋ ಹಬ್ಬಗಳಲ್ಲಿ ಅದು ನನ್ನ ಗಂಟಲಲ್ಲೇ ಇತ್ತು. ಆದರೆ ದನಿ ಸಾಲದು, ಮುಖ ನೋಡಬೇಕಿತ್ತು. ಅವರು ನಿಂತದ್ದು ನನಗೆ ಕಾಣದ ಕಡೆ. ಮೊದಲಾಗಿದ್ದರೆ ಕಣ್ಣಂಚಿನಲ್ಲಿ ಗೊತ್ತಾಗದ ಹಾಗೆ ನೋಡಿ ಮುಗಿಸುತ್ತಿದ್ದೆ. ಈಗ ಆ ಸೌಕರ್ಯವಿಲ್ಲ. ಮಹಾಕೂಟದ ಮೆಟ್ಟಿಲ ಮೇಲೆ ಅವರೇ ಹೇಳಿಕೊಟ್ಟ ಹಾಗೆ ಕುತ್ತಿಗೆಯನ್ನು ಪೂರ್ತಿ ತಿರುಗಿಸಿ, ಅವಸರವಿಲ್ಲದೆ, ನೇರವಾಗಿ ನೋಡಿದೆ.

ರಟ್ಟನ್ನು ಎದೆಗೆ ಅವಚಿಕೊಂಡು ನಿಂತಿದ್ದರು, ಮುಖದ ಮೇಲೆ ನನ್ನದೇ ಹಳೆಯ ಹೊಟ್ಟೆಕಿಚ್ಚು. ಬಾಗಿಲು ಹಾಕಿಕೊಳ್ಳಲು ಆ ಮುಖಕ್ಕೆ ಪುರುಸೊತ್ತೇ ಸಿಗಲಿಲ್ಲ.